ಒಂದೇ ಚಪ್ಪಲಿ ಬಿಟ್ಟು ಕಾರು ನಡೆಸುತ್ತಿದ್ದ ಕಾಕಾ

ಅವರ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಮಾತು ಬಿಟ್ಟ ಹಾಗೆ ದೂರ ಸರಿದು ನಿಂತಿತ್ತು. ಕಾರು ಹತ್ತಿದವರೇ ಬಲಗಾಲಿನ ಚಪ್ಪಲಿಯನ್ನು ಮಾತ್ರ ಬಿಟ್ಟು, ಅದು ಉರುಳಿ ಬ್ರೇಕಿನ ಕೆಳಗೆ ಸೇರದಂತೆ ಹಿಂದಿನ ಸೀಟಿನ ಬುಡಕ್ಕೆ ಇಟ್ಟು, ಆ ಬೆರಳನ್ನು ಆಕ್ಸಿಲರೇಟರಿನ ಮೇಲೆ ಊರುತ್ತಿದ್ದರು. ಮರಾಠಿ ಗಡಿಯ ಶಹಾಪುರದಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ನನ್ನಪ್ಪ ಮಗ್ಗದ ಶೆಡ್ಡಿನಲ್ಲಿ ಪಾಳಿಯ ಮೇಲೆ ದುಡಿಯುವವನು, ಅವರು ನೂಲಿನ ವ್ಯಾಪಾರದ ಜೈನರು. ನನಗೆ ಅವರು ಕಾಕಾ, ಅವರ ಹೆಂಡತಿ ಕಾಕೂ.

ಗಡಹಿಂಗ್ಲಜದಲ್ಲಿ ನೌಕರಿ ಸಿಕ್ಕಿ ನಾನು ಒಂದು ಕಾರು ಕೊಂಡಾಗ ಓಡಿಸಲು ಕಲಿಸಿದವರು ಕಾಕಾ. ಒಂದೇ ಚಪ್ಪಲಿ ಯಾಕೆ ಬಿಡುತ್ತೀರಿ ಎಂದು ಮೊದಲ ದಿನವೇ ಕೇಳಿದ್ದೆ.

“ನೂಲು ಬೆರಳಾಗ ಹಿಡದ್ರ ಗೊತ್ತಾಗತೈತಿ ಹೌದಿಲ್ಲೋ? ಕಾಲಿಗೂ ಹಂಗ ನೋಡವಾ. ದಬ್ಬನ ಜಗ್ಗಿದ್ರ ನೂಲು ಹರೀತೈತಿ, ದಬ್ಬನ ಒತ್ತಿದ್ರ ಪೆಟ್ರೋಲ್ ಹೋಗತೈತಿ.”

ನಾನು ನಕ್ಕೆ. ನನ್ನ ಚಪ್ಪಲಿ ಮಾತ್ರ ಬಿಚ್ಚಲಿಲ್ಲ.

ಕಬನೂರಿನ ರಸ್ತೆಯಲ್ಲಿ ಪಾಳಿ ಬಿಟ್ಟ ಹೊತ್ತಿಗೆ ಸೈಕಲ್ಲು, ಬೈಕುಗಳದೇ ರಾಜ್ಯ. ಕಾಕಾ ಅದನ್ನು ದೂರದಿಂದಲೇ ನೋಡಿ ಕಾಲು ಎತ್ತಿಬಿಡುತ್ತಿದ್ದರು. ಕಾರು ತಾನಾಗಿ ನಿಧಾನವಾಗಿ, ಗುಂಪಿನ ಹತ್ತಿರ ಬರುವಷ್ಟರಲ್ಲಿ ದಾರಿಯೂ ಬಿಟ್ಟಿರುತ್ತಿತ್ತು. ಬ್ರೇಕು ಬೇಕಾಗುತ್ತಲೇ ಇರಲಿಲ್ಲ. ಹಿಂದಿನವರು ಹಾರ್ನ್ ಬಾರಿಸಿದರೆ ಕನ್ನಡಿಯಲ್ಲಿ ನೋಡಿ, “ಘಾಯಿ ಕಶಾಲಾ?” ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಯಾತಕ್ಕೆ ಅವಸರ ಎಂಬ ಆ ಪ್ರಶ್ನೆ ಮುಚ್ಚಿದ ಗಾಜಿನೊಳಗೇ ಉಳಿಯುತ್ತಿತ್ತು.

ನಮ್ಮ ಕಡೆ ಇಳಿಜಾರು ಕಂಡರೆ ಸಾಕು, ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವವರೇ ಎಲ್ಲ. ಪುಕ್ಕಟೆ ಸವಾರಿ ಎಂಬ ಲೆಕ್ಕ. ಹರೆಯದಲ್ಲಿ ಕಾಕಾ ಒಂದು ಹೆಜ್ಜೆ ಮುಂದೆ ಹೋಗಿ, ಗಡಹಿಂಗ್ಲಜದ ದಾರಿಯ ತವಂದಿ ಘಾಟಿನ ನೆತ್ತಿಯಲ್ಲಿ ಎಂಜಿನ್ನನ್ನೇ ಬಂದ್ ಮಾಡುತ್ತಿದ್ದರಂತೆ. ಒಮ್ಮೆ ಬ್ರೇಕು ಕಾದು ಹಿಡಿಯಲೇ ಇಲ್ಲ. “ಉಳಿಸಿದ ಪೆಟ್ರೋಲ್ ತಗೊಂಡು ಸೀದಾ ಕಬ್ಬಿನ ಗದ್ದ್ಯಾಗ ಹೋಗಿ ಕುಂತಿದ್ವಿ,” ಎಂದು ಕಾಕೂ ಎಷ್ಟೋ ವರ್ಷದ ಮೇಲೂ ಚುಡಾಯಿಸುತ್ತಿದ್ದರು. ಅಂದಿನಿಂದ ಕಾಕಾ ಘಾಟಿನಲ್ಲಿ ಗೇರು ತಪ್ಪಿಸಿದವರಲ್ಲ. “ಪೆಟ್ರೋಲ್ ಹೋದ್ರ ಹೋಗವಲ್ದ್ಯಾಕ,” ಎನ್ನುತ್ತಿದ್ದರು.

ನಿಜಕ್ಕೂ ಹೋಗುತ್ತದೆಯೇ ಎಂಬ ಕುತೂಹಲ ನನಗೆ. ನನ್ನ ಕಾರಿನಲ್ಲಿ ಲೀಟರಿಗೆ ಎಷ್ಟು ಓಡುತ್ತಿದೆ ಎಂದು ಆಗಿಂದಾಗಲೇ ತೋರಿಸುವ ಮೀಟರ್ ಇತ್ತು. ಘಾಟ್ ಇಳಿಯುವಾಗ ಗೇರಿನಲ್ಲೇ ಬಿಟ್ಟು ಕಾಲು ಎತ್ತಿದಾಗ ಅದರ ಗೆರೆ ತುದಿ ಮುಟ್ಟಿತು, ಪೆಟ್ರೋಲ್ ಹೋಗುತ್ತಲೇ ಇಲ್ಲ ಎನ್ನುವ ಹಾಗೆ. ಕೆಳಗೆ, ಯಾರೂ ಇಲ್ಲದ ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದೆ. ಗೆರೆ ಕೆಳಗಿಳಿಯಿತು. ಎಂಜಿನ್ನು ಸುಮ್ಮನೆ ಗುರುಗುಟ್ಟಲು ಪೆಟ್ರೋಲ್ ಕುಡಿಯುತ್ತಿತ್ತು. ಪಕ್ಕದಲ್ಲಿದ್ದ ಕಾಕಾ ಬಾಗಿ, ಕನ್ನಡಕ ಏರಿಸಿ ನೋಡಿದರು.

“ಅಯ್ಯ, ಜೀವಾನೂ ಉಳೀತು, ಪೆಟ್ರೋಲೂ ಉಳೀತು! ಹೊಳ್ಳಿಸವಾ, ಇನ್ನೊಮ್ಮೆ ನೋಡೂಣು.”

ಪೆಟ್ರೋಲ್ ಉಳಿಯುವುದನ್ನು ನೋಡಲು ಪೆಟ್ರೋಲ್ ಸುಟ್ಟು ಮತ್ತೆ ಘಾಟ್ ಹತ್ತಿದೆವು. ಅಷ್ಟು ಖುಷಿಯಾಗಿದ್ದ ಕಾಕಾನನ್ನು ನಾನು ಬೇರೆಂದೂ ಕಾಣಲಿಲ್ಲ.

ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಊಟವಿಲ್ಲ. ಒಮ್ಮೆ ಕಾಕೂನ ತಂಗಿಯನ್ನು ನೋಡಲು ಗಡಹಿಂಗ್ಲಜದ ದವಾಖಾನೆಗೆ ಬಂದವರನ್ನು ನಾನೇ ಕಾರಿನಲ್ಲಿ ಮರಳಿ ಕರೆತರುತ್ತಿದ್ದೆ. ಬೆಳಗಿನಿಂದ ಇಬ್ಬರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಹೊರಗಿನದನ್ನು ಅವರು ಮುಟ್ಟುವವರಲ್ಲ. ಸೂರ್ಯ ಇಳಿಯುತ್ತಿದ್ದ. ಓಡಿಸಿದರೆ ಊಟಕ್ಕೆ ಮುಟ್ಟಿಸಬಹುದು ಎಂದು ನನ್ನ ಕಾಲು ತಾನಾಗಿ ಒತ್ತಿತು.

“ಬ್ಯಾಡವಾ. ಉಪಾಸ ಇರೂದು ನಮಗ ರೂಢಿ ಐತಿ,” ಎಂದರು ಕಾಕಾ.

ಘಾಟ್ ಇಳಿಯುವಾಗಲೇ ಹೊತ್ತು ಮುಳುಗಿತು. ಹಿಂದೆ ಕೂತಿದ್ದ ಕಾಕೂ ಕೈ ಮುಗಿದು, “ಆತು ನಮ್ಮ ಊಟ,” ಎಂದು ನಕ್ಕರು.

ಕಬ್ಬಿನ ಹಂಗಾಮಿನಲ್ಲಿ ಒಂದು ಮಧ್ಯಾಹ್ನ ಅಪ್ಪನ ಫೋನ್ ಬಂತು. “ಕಾಕಾ ಹೋದ್ರವಾ. ಹೊತ್ತು ಮುಳುಗೂದ್ರಾಗ ಎಲ್ಲಾ ಮುಗಸ್ತಾರ. ಮಾರಿ ನೋಡೂದಿದ್ರ ಲಗೂ ಬಾ.”

ಹೊರಟೆ. ತವಂದಿ ಘಾಟಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ತಿರುವಿನಲ್ಲೇ ಹಿಂದಿಕ್ಕಿ ನುಗ್ಗಿದರೆ ಕಾಕಾನ ಮುಖ ನೋಡಲು ಸಿಗುತ್ತಿತ್ತು. ಬಿಸಿಲು ಕೆಂಪಾಗುತ್ತಿತ್ತು. ಕಾಲು ಮತ್ತೆ ತಾನಾಗಿ ಒತ್ತುತ್ತಿತ್ತು. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಬಲಗಾಲಿನ ಚಪ್ಪಲಿ ಬಿಚ್ಚಿ ಹಿಂದೆ ಇಟ್ಟೆ. ಆಮೇಲೆ ಟ್ರ್ಯಾಕ್ಟರುಗಳ ಬೆನ್ನಿಗೆ ಎರಡನೇ ಗೇರಿನಲ್ಲಿ ಘಾಟ್ ಇಳಿದೆ.

ಶಹಾಪುರ ಮುಟ್ಟಿದಾಗ ಅವರನ್ನು ಒಯ್ದಾಗಿತ್ತು. ಕಾಕೂ ಬಾಗಿಲಲ್ಲಿ ಕೂತಿದ್ದರು. ಒಂದೇ ಚಪ್ಪಲಿಯಲ್ಲಿ ಓಡಿಬಂದ ನನ್ನ ಕಾಲುಗಳನ್ನು ತುಂಬಾ ಹೊತ್ತು ನೋಡಿದರು.

“ಘಾಟ್‌ದಾಗ ಗೇರಿನ್ಯಾಗ ಇಳಿಸಿದಿ ಹೌದಿಲ್ಲೋ?”

“ಹೌದ್ರಿ ಕಾಕೂ. ಅದಕ್ಕ ತಡಾ ಆತು. ಮಾರಿ ಸಿಗಲಿಲ್ಲ.”

“ಇರಲಿ ಬಿಡವಾ,” ಎಂದು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. “ಅವರನ್ನ ನಿನ್ನ ಜೋಡಿ ಕರಕೊಂಡ ಬಂದಿಯಲ್ಲ.”

ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.