ಎಲ್‌ಡಿಎಚ್ ಹೈ!

ರಕ್ತ ಪರೀಕ್ಷೆಯ ಲ್ಯಾಬಿನ ಹುಡುಗಿ ಫೋನಿನಲ್ಲಿ "ಅಂಕಲ್, ಎಲ್‌ಡಿಎಚ್ ಹೈ" ಎಂದಾಗ, ಮುಂಬಯಿ ಪಕ್ಕದ ಠಾಣೆ ನಗರದ ಹೋಟೆಲೊಂದರ ಮ್ಯಾನೇಜರ್ ಜಯಶೀಲರು ಅದನ್ನು ಹಿಂದಿಯ 'ಹೈ', ಅಂದರೆ 'ಇದೆ' ಎಂದೇ ತಿಳಿದರು. ಏನೋ ಒಂದು ಒಳ್ಳೆಯದು ತಮ್ಮ ಮೈಯಲ್ಲಿ ಇದೆಯಂತೆ! ಡೊಂಬಿವಲಿಯ ತಮ್ಮ ಹೌಸಿಂಗ್ ಸೊಸೈಟಿಗೆಲ್ಲ ಪೇಢೆ ಹಂಚಿಬಿಟ್ಟರು.

"ಅದು ಇಂಗ್ಲಿಷಿನ ಹೈ ಮಾರಾಯ್ರೆ, ಜಾಸ್ತಿ ಅಂತ!" ಎಂದು ಹೆಂಡತಿ ಉಮಾವತಿ ಹೌಹಾರಿ, ಅವರನ್ನು ಡಾಕ್ಟರ ಬಳಿಗೆ ಎಳೆದೊಯ್ದರು.

ಉಡುಪಿ ಮೂಲದ ಡಾಕ್ಟರು ನಕ್ಕರು. "ಇದೊಂದು ಕಿಣ್ವ. ಸ್ನಾಯುಗಳಿಗೆ ಆಕ್ಸಿಜನ್ ಸಾಲದಾದಾಗ ಪೈರುವೇಟನ್ನು ಲ್ಯಾಕ್ಟೇಟ್ ಮಾಡ್ತದೆ. ಮೈ ವಿಪರೀತ ದಣಿದರೆ ರಕ್ತಕ್ಕೂ ಸೋರ್ತದೆ. ಬೇರೆಲ್ಲ ರಿಪೋರ್ಟ್ ಸರಿ ಉಂಟು. ರಕ್ತ ಕೊಡುವ ಹಿಂದಿನ ದಿನ ಮ್ಯಾರಥಾನ್ ಓಡಿದ್ರಾ?"

ಉಮಾವತಿ ಮೊದಲ ಬಾರಿಗೆ ಗಂಡನನ್ನು ಮೆಚ್ಚುಗೆಯಿಂದ ನೋಡಿದರು.

"ಇಲ್ಲ ಡಾಕ್ಟ್ರೆ. ಫಾಸ್ಟ್ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಡೊಂಬಿವಲಿಯಲ್ಲಿ ಇಳೀಲಿಕ್ಕೆ ನೋಡಿದೆ. ಇಳಿದದ್ದು ಮುಂದಿನ ಸ್ಟೇಷನ್ ಕಲ್ಯಾಣದಲ್ಲಿ."