ಅರ್ಧ ಮನೆಗೆ ತಮಟೆ

ಎಪ್ಪತ್ತರ ದಶಕದಲ್ಲಿ ನಾನು ಕೋರ್ಟಿನ ಅಮೀನನಾಗಿದ್ದೆ. ಕಿರುಗಾವಲಿನ ಬೆಲ್ಲದ ವ್ಯಾಪಾರಿಯೊಬ್ಬ ದಿವಾಳಿ ಎದ್ದಿದ್ದ. ಅವನು ಅಡವಿಟ್ಟಿದ್ದ ಮನೆ ಹರಾಜಾಗುತ್ತದೆಂದು ಸಾರಲು ತಮಟೆಯವನನ್ನು ಕರೆದುಕೊಂಡು ಹೋದೆ. ವ್ಯಾಪಾರಿ ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ತಮಟೆಗೆ ಒಂದೇಟು ಬಿದ್ದದ್ದೇ ತಡ, ಅವನ ಹೆಂಡತಿ ಕ್ರಯಪತ್ರ ಹಿಡಿದು ಹೊರಬಂದಳು.

"ನಿಲ್ಸಪ್ಪಾ! ಅಮೀನ್ರೇ, ಮನೆ ಇಬ್ರುದೂ ಕಣ್ರೀ, ಓದಿ."

ಓದಿದೆ. ಕೊಂಡವರು ಗಂಡ ಹೆಂಡತಿ ಇಬ್ಬರೂ. ನನ್ನ ಚೀಲದಲ್ಲಿದ್ದ ಅಡಮಾನ ಪತ್ರದಲ್ಲಿ ಗಂಡನ ಸಹಿಯೊಂದೇ!

"ಇದಕ್ಕೆ ನೀವ್ಯಾಕಮ್ಮ ಹೆಬ್ಬೆಟ್ಟು ಒತ್ತಲಿಲ್ಲ?"

"ಸಾಲ ಕೊಡೋನು ಬಂದಾಗ ರೊಟ್ಟಿ ತಟ್ತಿದ್ದೆ. ಕೈಯೆಲ್ಲ ಇಟ್ಟಾಗೈತೆ, ತಡೀರಿ ಅಂದೆ. ಎಂಗಸ್ರ ಎಬ್ಬೆಟ್ಟು ಯಾಕೆ ಬುಡು ಅಂತ ಅವ್ನೇ ಒಂಟೋದ. ನಾನೂ ಸುಮ್ಕಿದ್ದೆ."

ತಮಟೆಯವನು ಪೆಚ್ಚಾಗಿ, "ಸಾರೋದು ಬ್ಯಾಡ್ವಾ?" ಅಂದ.

"ಸಾರು. ನಮ್ಮೆಜಮಾನ್ರ ಅರ್ಧಕ್ಕೆ ಮಾತ್ರ ಬಡಿ. ಇನ್ನರ್ಧದಲ್ಲಿ ನಾನಿರ್ತೀನಿ ಅಂತ್ಲೂ ಸಾರು."

ಅವನು ಹಾಗೇ ಸಾರಿದ. ಹರಾಜಿನ ದಿನ ಸವಾಲು ಕೂಗಲು ಒಬ್ಬನೂ ಬರಲಿಲ್ಲ. ಆಯಮ್ಮನ ಜೊತೆ ಒಂದೇ ಸೂರಿನಡಿ ಇರುವ ಎದೆಗಾರಿಕೆ ಯಾರಿಗಿತ್ತು?

ಮುಂದೆ ಮಳವಳ್ಳಿಯಲ್ಲಿ ಮನೆ ಕೊಂಡಾಗ ಕ್ರಯಪತ್ರಕ್ಕೆ ನನ್ನ ಹೆಂಡತಿಯ ಹೆಸರನ್ನೂ ಸೇರಿಸಿದೆ. ಅವಳಿಗೆ ಈ ಕಥೆ ಹೇಳಿದ್ದೇ ತಪ್ಪಾಯಿತು. ಯಾವ ಸಾಲದ ಕಾಗದ ಮುಂದಿಟ್ಟರೂ ಕೈಯೆಲ್ಲ ಹಿಟ್ಟು ಅನ್ನುತ್ತಾಳೆ.