ಹದಿನಾಲ್ಕನ್ನು ನಂಬದ ರಕ್ತಪರೀಕ್ಷಕಿ

ಬೀದಿದೀಪ ಇನ್ನೂ ಆರಿಲ್ಲ. ಮಹಡಿ ಮೆಟ್ಟಿಲ ಕೆಳಗಿನ ರಕ್ತಪರೀಕ್ಷಾ ಕೋಣೆಯಲ್ಲಿ ಆಕೆ ಮೇಜಿನ ಮೇಲೊಂದು ಲೋಟ ನೀರಿಟ್ಟು, ಬಗ್ಗಿ, ನೀರು ಅಲುಗುತ್ತದೆಯೇ ಎಂದು ನೋಡುತ್ತಿದ್ದಾರೆ. ಅಲುಗುತ್ತಿದೆ. ಗೋಡೆಯಾಚೆಯ ಫ್ರಿಜ್ಜಿನ ನಡುಕ. ಮೇಜನ್ನು ನಾಲ್ಕು ಬೆರಳು ಈಚೆ ಎಳೆದು ಮತ್ತೆ ನೋಡುತ್ತಾರೆ. ಆಮೇಲೆ, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನ್ನ ಕಡೆ ತಿರುಗಿ, "ನಿನ್ನನ್ನ ಯಾರಮ್ಮ ಕಳಿಸಿದ್ದು? ಲ್ಯಾಬ್ ಯಜಮಾನ್ರಾ?" ಎನ್ನುತ್ತಾರೆ. ಅಲ್ಲ ಎಂದು ಎರಡು ಸಲ ಹೇಳಬೇಕಾಗುತ್ತದೆ.

ವಯಸ್ಸು ಐವತ್ತೆರಡು. ಗಂಡ ಹಾಸಿಗೆ ಹಿಡಿದ ವರ್ಷ ಗಾಜು ತೊಳೆಯಲು ಇಲ್ಲಿ ಸೇರಿದವರು, ನೋಡುತ್ತಲೇ ಕೆಲಸ ಕಲಿತು, ಪರೀಕ್ಷೆ ಕಟ್ಟಿ ಪಾಸಾದರು. ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ನಲವತ್ತು ಸಣ್ಣ ನಳಿಕೆಗಳಲ್ಲಿ ರಕ್ತ ತುಂಬಿ ನೆಟ್ಟಗೆ ನಿಲ್ಲಿಸುತ್ತಿದ್ದಾರೆ. ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಇಳಿದವೆಂದು ಬರೆಯುತ್ತಾರೆ. ದೇಹದಲ್ಲಿ ಉರಿಯೂತವಿದ್ದರೆ ಕಣಗಳು ಒಂದಕ್ಕೊಂದು ಅಂಟಿ ಬೇಗ ಇಳಿಯುತ್ತವೆ. ನಳಿಕೆ ವಾಲಿದರೂ ಮೇಜು ನಡುಗಿದರೂ ಲೆಕ್ಕ ಕೆಡುತ್ತದೆ. ರಕ್ತ ಹಳತಾದರಂತೂ, ಇರುವ ಉರಿಯೂತವೂ ಇಲ್ಲದಂತೆ ಕಾಣಬಹುದು.

ಮನೆಮನೆಗೆ ಹೋಗಿ ರಕ್ತ ತರುವವರು ಆಕೆಯ ಅಕ್ಕನ ಗಂಡ. ಸ್ಕೂಟರ್ ನಿಲ್ಲಿಸಿ ಡಬ್ಬಿ ಇಡುತ್ತಾರೆ. "ಮೊದಲನೇ ಮನೆ ಆರು ಹದಿಮೂರಕ್ಕೆ, ಎರಡನೇದು ಆರು ಇಪ್ಪತ್ತೊಂಬತ್ತಕ್ಕೆ. ಸಾಕಾ ಇನ್ಸ್‌ಪೆಕ್ಟರಮ್ಮ?"

"ನಿಮ್ಮ ಗಡಿಯಾರ ತೋರ್ಸಿ ಭಾವ."

"ನಿಮ್ಮಕ್ಕನೂ ಇಷ್ಟು ವಿಚಾರಣೆ ಮಾಡಲ್ಲಮ್ಮ!"

"ಅದಕ್ಕೇ ನೀವು ಹೀಗಾಗಿದ್ದು."

ಈ ವಿಚಾರಣೆ ಶುರುವಾಗಿ ಮೂರು ತಿಂಗಳು. ಆಗ ಬಟ್ಟೆಗೆ ಇಸ್ತ್ರಿ ಹಾಕುವ ಹೆಂಗಸೊಬ್ಬರು ಗಂಡನ ಜೊತೆ ವರದಿಗೆ ಬಂದಿದ್ದರು. ಹದಿನಾಲ್ಕು ಎಂದಿತ್ತು, ಅಂದರೆ ಸರಿಯಾಗಿಯೇ ಇದೆ. "ನೋಡಿದ್ಯಾ? ಬರೀ ಸೋಮಾರಿತನ. ಅಂಗಡಿ ಮುಚ್ಚಿ ತವರಿಗೆ ಕಳಿಸ್ತೀನಿ," ಎಂದರು ಗಂಡ. ಆ ಹೆಂಗಸು, "ಆರು ತಿಂಗಳಿಂದ ನೆಟ್ಟಗೆ ನಿದ್ದೆ ಮಾಡಿಲ್ಲಕ್ಕ," ಎಂದಷ್ಟೇ ಹೇಳಿ ಕೈ ಚಾಚಿದರು. ಕಾಗದ ಹಿಡಿಯಲು ಬೆರಳು ಮಡಚಲಿಲ್ಲ.

ಆಕೆ ಕಾಗದ ಕೊಡಲಿಲ್ಲ. ಒಳಗೆ ಹೋಗಿ, ಭಾವ ರಕ್ತ ತೆಗೆದ ಸಮಯ ಬರೆದಿದ್ದ ಚೀಟಿಗಳನ್ನು ಹರಡಿದರು. ಎಂಟು ಮನೆ, ಎಂಟಕ್ಕೂ ಬೆಳಿಗ್ಗೆ ಆರು ಗಂಟೆ.

"ಭಾವ, ನಿಮಗೆ ಎಷ್ಟು ಕೈ?"

ಭಾವ ಮೊದಲು ನಕ್ಕರು, ಆಮೇಲೆ ಒಪ್ಪಿಕೊಂಡರು. ಇಸ್ತ್ರಿಯವರ ಮನೆ ದೂರ. ಹಿಂದಿನ ಸಂಜೆಯೇ ರಕ್ತ ತೆಗೆದು ರಾತ್ರಿಯೆಲ್ಲ ಡಬ್ಬಿಯಲ್ಲಿಟ್ಟಿದ್ದರು. ಆಕೆ ಅಲ್ಲೇ ತಾವೇ ಮತ್ತೆ ಚುಚ್ಚಿದರು. ಗಂಟೆ ಕಳೆದ ಮೇಲೆ ಬಂದದ್ದು ಅರವತ್ತೆರಡು.

"ಈ ಸಂಖ್ಯೆ ಒಂದರಿಂದಲೇ ಕಾಯಿಲೆ ಯಾವುದು ಅಂತ ಹೇಳಕ್ಕಾಗಲ್ಲ," ಎನ್ನುತ್ತಾರೆ ಮಹಡಿಯ ವೈದ್ಯರು. "ಆದ್ರೆ ಹದಿನಾಲ್ಕು ನೋಡಿದ್ರೆ ನಾನೂ ಮನೆಗೆ ಕಳಿಸಿಬಿಡ್ತಿದ್ದೆನೋ ಏನೋ." ಮುಂದಿನ ಪರೀಕ್ಷೆಗಳಲ್ಲಿ ಸಂಧಿವಾತ ಖಚಿತವಾಯಿತು. ದೇಹವನ್ನು ಕಾಯಬೇಕಾದ ರೋಗನಿರೋಧಕ ಕಣಗಳು ಕೀಲುಗಳ ಮೇಲೇ ಬೀಳುವ ಕಾಯಿಲೆ ಅದು. ಅವು ಹೊರಡಿಸುವ ಸಂಕೇತಗಳು ಮೆದುಳಿಗೂ ಮುಟ್ಟಿ ನಿದ್ದೆ ಕೆಡಿಸುತ್ತವೆ, ನಿದ್ದೆ ಕೆಟ್ಟಷ್ಟೂ ಉರಿಯೂತ ಹೆಚ್ಚುತ್ತದೆ ಎಂದು ವೈದ್ಯರು ವಿವರಿಸುತ್ತಾರೆ.

ಭಾವನ ಜೊತೆ ಒಂದು ತಿಂಗಳು ಮಾತಿರಲಿಲ್ಲ. "ಅವರೊಬ್ಬರದೇ ತಪ್ಪಲ್ಲ," ಎನ್ನುತ್ತಾರೆ ಆಕೆ. "ಹದಿನಾಲ್ಕು ಅಂತ ಬರೆದ ಕೈ ನನ್ನದು. ಎಷ್ಟು ವರ್ಷದಿಂದ ಎಷ್ಟು ಜನಕ್ಕೆ ಹೀಗೆ ಬರೆದಿದೀನೋ."

ಇವತ್ತು ಆ ದಂಪತಿ ಮತ್ತೆ ಬಂದಿದ್ದಾರೆ. ಈ ಸಲದ ಲೆಕ್ಕ ಇಪ್ಪತ್ತನಾಲ್ಕು. ಹೆಂಗಸು ಕಾಗದವನ್ನು ಎರಡೇ ಬೆರಳಲ್ಲಿ ಹಿಡಿದು ಮಡಚುತ್ತಾರೆ. ಗಂಡನ ಮುಖ ಅರಳುತ್ತದೆ.

"ರಾತ್ರಿ ನಿದ್ದೆನೂ ಚೆನ್ನಾಗಿ ಬರ್ತಿದೆ ಅಂತಾಳೆ. ಮಾತ್ರೆ ನಿಲ್ಲಿಸ್ಬಹುದಲ್ವಾ ಮೇಡಂ?"

"ನೀವಾಗೇ ನಿಲ್ಲಿಸ್ಬೇಡಿ, ಮೇಲೆ ಡಾಕ್ಟ್ರನ್ನ ಕೇಳಿ," ಎನ್ನುತ್ತಾರೆ ಆಕೆ, ಕನ್ನಡಕದ ಮೇಲಿಂದ ಅವರನ್ನೇ ನೋಡುತ್ತ. "ನಂದೊಂದು ಪ್ರಶ್ನೆ. ನಿದ್ದೆ ಬರ್ತಿದೆ ಅಂದ್ರೆ ಬಾಯಿಮಾತಲ್ಲೇ ನಂಬಿದ್ರಿ. ಬರ್ತಿಲ್ಲ ಅಂದಾಗ ಯಾಕೆ ಕಾಗದ ಕೇಳಿದ್ರಿ?"